ನೊಗದ ಅಳತೆ

ಏಪ್ರಿಲ್ 9, ಬುಧವಾರ

ಡುಲೂತ್‌ನ ಆಸ್ಪತ್ರೆಯಿಂದ ಗಂಡ ಹೆಂಡತಿ ಈಗ ತಾನೇ ಮನೆಗೆ ಬಂದೆವು. ಡಾಕ್ಟರು ಎಲ್ಡನ್‌ನ ಬಲಹೆಗಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಆಪರೇಷನ್ ಮಾಡಿದ ಜಾಗ ಚೆನ್ನಾಗಿ ಕೂಡಿಕೊಂಡಿದೆ ಎಂದರು. ನನಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಇವನು ಬಾಯಿ ಬಿಟ್ಟ.

"ದೋಣಿ ಹೊರಬಹುದಾ?"

ಡಾಕ್ಟರು ನಕ್ಕರು. ಇವನು ನಗದೇ ಇದ್ದದ್ದನ್ನು ನೋಡಿ ಅವರೂ ನಗು ನಿಲ್ಲಿಸಿದರು. "ಹುಟ್ಟು ಹಾಕೋಕೆ ಅಡ್ಡಿಯಿಲ್ಲ, ಆಗಸ್ಟ್ ಹೊತ್ತಿಗೆ ಮೆಲ್ಲಗೆ ಶುರು ಮಾಡಿ. ಹೆಗಲ ಮೇಲೆ ಹೊರೋದು ಮಾತ್ರ ಮರೆತುಬಿಡಿ. ಈ ವರ್ಷ ಅಂತಲ್ಲ, ಯಾವತ್ತೂ."

ಎಲ್ಡನ್ ಮನೆಗೆ ಬಂದವನೇ ಟಿವಿ ಮುಂದಿನ ಕುರ್ಚಿಯಲ್ಲಿ ಕೂತ. ಕೂತೇ ಇದ್ದಾನೆ. ಯಾವುದೋ ಊರಿನ ಹವಾಮಾನ ಬರುತ್ತಿದೆ. ನಮ್ಮೂರಿನದೂ ಅಲ್ಲ.

ಅವನ ಮನಸ್ಸಿನಲ್ಲಿ ಓಡುತ್ತಿರುವುದು ಕೆಟಲ್ ಸರೋವರ, ನನಗೆ ಗೊತ್ತು. ಅಲ್ಲಿಗೆ ರಸ್ತೆ ಇಲ್ಲ. ಎರಡು ಕೆರೆ ದಾಟಬೇಕು, ನಡುನಡುವೆ ದೋಣಿಯನ್ನು ಬೋರಲು ಮಾಡಿ ಹೆಗಲಿಗೇರಿಸಿಕೊಂಡು ಕಾಡಿನಲ್ಲಿ ನಡೆಯಬೇಕು. ಮದುವೆಯಾದಾಗಿನಿಂದ ಪ್ರತಿ ಸೆಪ್ಟೆಂಬರ್, ಸೊಳ್ಳೆ ಸತ್ತ ಮೇಲೆ, ಅವನು ದೋಣಿ ಹೊತ್ತಿದ್ದಾನೆ. ನಾನು ಬೆನ್ನ ಮೇಲೆ ಸಾಮಾನಿನ ಚೀಲ ಹೊತ್ತು ಮುಂದೆ ನಡೆದಿದ್ದೇನೆ. ದೋಣಿ ತಲೆಯ ಮೇಲೆ ಕವುಚಿಕೊಂಡವನಿಗೆ ತನ್ನ ಪಾದ ಬಿಟ್ಟು ಬೇರೇನೂ ಕಾಣುವುದಿಲ್ಲ. "ಬೇರು! ಕಲ್ಲು! ಕೆಸರು! ಬಗ್ಗು!" ಎಂದು ಕೂಗುತ್ತ ಹೋಗುವುದು ನನ್ನ ಕೆಲಸ. ಮನೆಯಲ್ಲಿ ದಿನಕ್ಕೆ ನಾಲ್ಕು ಮಾತಾಡುವ ಈ ಗಂಡಸು ಅಲ್ಲಿ ಬೆಂಕಿಯ ಮುಂದೆ ಕೂತನೆಂದರೆ ಮಾತು ನಿಲ್ಲಿಸುವುದಿಲ್ಲ. ಹಾಡುತ್ತಾನೆ ಕೂಡ. ಕೇಳುವ ಹಾಗಿರುವುದಿಲ್ಲ, ಆದರೂ ಹಾಡುತ್ತಾನೆ. ವರ್ಷಕ್ಕೆ ಒಂದು ವಾರ ನನಗೆ ನನ್ನ ಗಂಡ ಪೂರ್ತಿ ಸಿಗುತ್ತಿದ್ದ. ಆ ವಾರವೂ ಹೋಯಿತೇನೋ ಎಂದು ನನಗೆ ಹೆದರಿಕೆಯಾಗುತ್ತಿದೆ.

ಏಪ್ರಿಲ್ 14, ಸೋಮವಾರ

ಪಕ್ಕದ ಮನೆಯ ವರ್ನನ್ ಕಾಫಿಗೆ ಬಂದಿದ್ದ. ಏಲಕ್ಕಿ ಬ್ರೆಡ್ಡಿನ ವಾಸನೆ ಅವನಿಗೆ ಬೇಲಿ ದಾಟಿ ಹೋಗುತ್ತದೆ. ಮೂರನೇ ತುಂಡು ಬಾಯಿಗಿಡುವಾಗ ಎಲ್ಡನ್ ಇದ್ದಕ್ಕಿದ್ದಂತೆ ಹೇಳಿದ: "ವರ್ನನ್, ಬಾತುಕೋಳಿ ಬೇಟೆಗೆ ದೋಣಿ ಬೇಕು ಅಂತಿದ್ದೆಯಲ್ಲ. ನನ್ನದು ತಗೋ. ಸೆಪ್ಟೆಂಬರ್ ಮಧ್ಯದಲ್ಲಿ ಬಂದು ಹೊತ್ಕೊಂಡು ಹೋಗು."

ನನ್ನ ಕೈಲಿದ್ದ ಕಾಫಿ ಪಾತ್ರೆ ಅಲ್ಲೇ ನಿಂತಿತು. ನನ್ನನ್ನು ಒಂದು ಮಾತು ಕೇಳಲಿಲ್ಲ! ಕೇಳುವುದೇನು, ದೋಣಿ ಅವನದೇ, ಅವನ ಅಪ್ಪ ಕೊಡಿಸಿದ್ದು. ಆದರೂ.

"ಈ ವರ್ಷ ಸರೋವರಕ್ಕೆ ಹೋಗೋದಿಲ್ವಾ?" ಎಂದೆ.

"ಯಾರು ಹೊರ್ತಾರೆ, ನಿಮ್ಮಪ್ಪನಾ?"

"ಹಗುರದ್ದೊಂದು ಬಾಡಿಗೆಗೆ ತರೋಣ."

"ಆ ಕಾಗದದ ದೋಣೀನಾ? ಕಲ್ಲಿಗೆ ತಾಗಿದ್ರೆ ಹರಿಯುತ್ತೆ. ಅದರಲ್ಲಿ ಕೂರೋ ಬದಲು ಮನೇಲಿ ಕೂರ್ತೀನಿ."

ನನಗೆ ಎಲ್ಲಿತ್ತೋ ಸಿಟ್ಟು. "ನಾನು ಹೊರ್ತೀನಿ" ಎಂದುಬಿಟ್ಟೆ.

ವರ್ನನ್ ನಕ್ಕ ರಭಸಕ್ಕೆ ಕಾಫಿ ಅವನ ಮೂಗಿಗೆ ಹತ್ತಿತು. "ಮಾರ್ಲಿಸ್, ಅದು ಎಪ್ಪತ್ತು ಪೌಂಡಿನ ಅಲ್ಯೂಮಿನಿಯಂ ಕಣೇ! ನಿನ್ನ ಶಾಲೆ ಅಡುಗೆಮನೆ ಸೂಪ್ ಪಾತ್ರೆ ಅಂದ್ಕೊಂಡ್ಯಾ?"

ಎಲ್ಡನ್ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ನಿನ್ನ ಮಂಡಿ ಮೆಟ್ಟಿಲು ಹತ್ತೋಕೆ ಕಟಕಟ ಅನ್ನುತ್ತೆ. ಸುಮ್ನಿರು" ಎಂದ, ಮಗುವಿಗೆ ಹೇಳುವ ಹಾಗೆ. ನಾನು ಸುಮ್ಮನಿರಲಿಲ್ಲ. ಕೊನೆಗೆ ತಲೆಚಿಟ್ಟು ಹಿಡಿದು ಅವನೇ ಹೇಳಿದ: "ಸರಿ ಮಾರಾಯ್ತಿ. ಗ್ಯಾರೇಜಿಂದ ರಸ್ತೆ ಬದಿಯ ಟಪ್ಪಾಲು ಡಬ್ಬದವರೆಗೆ ಹೊತ್ಕೊಂಡು ಹೋಗಿ ವಾಪಸ್ ಬಾ. ಕೆಳಗಿಡಬಾರದು. ಅವತ್ತು ಸರೋವರದ ಮಾತಾಡೋಣ."

"ವರ್ನನ್ ಸಾಕ್ಷಿ" ಎಂದೆ.

"ನಾನು ದೋಣಿಗೆ ಬಣ್ಣ ಯಾವುದು ಹೊಡೀಲಿ ಅಂತ ಯೋಚನೆ ಮಾಡ್ತಿರ್ತೀನಿ" ಎಂದ ವರ್ನನ್. ಅವನಿಗೆ ನಾಲ್ಕನೇ ತುಂಡು ಕೊಡಲಿಲ್ಲ.

ಏಪ್ರಿಲ್ 16, ಬುಧವಾರ

ಹಳೆಯ ಟೈರ್ ಅಂಗಡಿಯಲ್ಲಿ ಡೋರೀನ್ ಜಿಮ್ ತೆರೆದು ಬಹಳ ವರ್ಷವಾಯಿತು. ನಾನು ಇವತ್ತೇ ಮೊದಲ ಸಲ ಒಳಗೆ ಕಾಲಿಟ್ಟದ್ದು. ಈಗಲೂ ರಬ್ಬರಿನ ವಾಸನೆ. ಡೋರೀನ್ ಗಣಿಯಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದವಳು. ಪಿಸುಮಾತು ಅವಳಿಗೆ ಬರುವುದೇ ಇಲ್ಲ.

"ಏನಕ್ಕೆ ಬಂದ್ಯೇ? ತೆಳ್ಳಗಾಗೋಕಾ?"

"ದೋಣಿ ಹೊರೋಕೆ."

"ಹಾಗೆ ಬಾ ದಾರಿಗೆ! ತೆಳ್ಳಗಾಗೋರ ಜೊತೆ ಸಾಕಾಗಿದೆ ನಂಗೆ."

ಕಬ್ಬಿಣ ಕೊಡುತ್ತಾಳೆಂದುಕೊಂಡಿದ್ದೆ. ಪೊರಕೆಯ ಕೋಲು ಕೊಟ್ಟಳು. ಅದನ್ನು ಹೆಗಲ ಮೇಲಿಟ್ಟುಕೊಂಡು ಬಸ್ಕಿ ಹೊಡೆಯಬೇಕಂತೆ. ನಾನೂರು ಮಕ್ಕಳಿಗೆ ಸೂಪು ಬೇಯಿಸಿ ಇಳಿಸಿದ ಕೈ ಇದು ಎಂದೆ. "ಕೈ ಸರಿ, ಕಾಲೆಲ್ಲಿ? ಕೂತ್ಕೋ, ಏಳು" ಎಂದಳು. ಕೂತೆ. ಏಳುವಾಗ ಪಕ್ಕದ ಕಂಬ ಹಿಡಿದುಕೊಂಡೆ. ನೋಡಿದರೂ ನೋಡದ ಹಾಗಿದ್ದಳು, ಪುಣ್ಯಾತ್ಗಿತ್ತಿ.

ಏಪ್ರಿಲ್ 17

ಕಕ್ಕಸಿನಲ್ಲಿ ಕೂತರೆ ಏಳಲಾಗುತ್ತಿಲ್ಲ. ಹೆಚ್ಚು ಬರೆಯಲಾರೆ, ಪೆನ್ನೂ ಭಾರ.

ಮೇ 8, ಗುರುವಾರ

ಪೊರಕೆಯಿಂದ ಕಬ್ಬಿಣದ ಕಂಬಿಗೆ ಬಡ್ತಿ ಸಿಕ್ಕಿದೆ. ಬರೀ ಕಂಬಿ, ಎರಡು ತುದಿಯೂ ಬೋಳು. ಆದರೂ ಅದನ್ನು ನೆಲದಿಂದ ಎತ್ತಿ ನೆಟ್ಟಗೆ ನಿಂತಾಗ ಕನ್ನಡಿಯಲ್ಲಿ ಕಂಡ ಹೆಂಗಸಿಗೆ ನಾನೇ ಹಲ್ಲು ಕಿರಿದೆ.

ಮನೆಯಲ್ಲಿ ಮಾಡಲು ಡೋರೀನ್ ಒಂದು ಪಾಠ ಕೊಟ್ಟಿದ್ದಾಳೆ. ನೆಲಮಾಳಿಗೆಯಲ್ಲಿ ಗಡಸು ನೀರನ್ನು ಮೆದು ಮಾಡುವ ಯಂತ್ರಕ್ಕೆ ಹಾಕುವ ಉಪ್ಪಿನ ಮೂಟೆಗಳಿವೆಯಲ್ಲ, ಒಂದನ್ನು ಕತ್ತಿನ ಹಿಂದೆ ಹೆಗಲಿಗೆ ಅಡ್ಡ ಹಾಕಿಕೊಂಡು ಮೆಟ್ಟಿಲು ಹತ್ತಿ ಇಳಿಯುವುದು. ಮೂಟೆ ಎತ್ತಲಾಗಲಿಲ್ಲ. ಅರ್ಧ ಉಪ್ಪು ಬಕೆಟ್ಟಿಗೆ ಸುರಿದು ಮಿಕ್ಕ ಅರ್ಧ ಹೊತ್ತೆ.

ಮೇಲಿನ ಮೆಟ್ಟಿಲಿಗೆ ಬಂದಾಗ ಎಲ್ಡನ್ ಕುರ್ಚಿಯಿಂದಲೇ ಕೇಳಿದ: "ಅದೇನು ಸದ್ದು? ಮನೆಗೆ ಕರಡಿ ನುಗ್ತಾ?"

"ಕರಡಿ ನಾನೇ. ಸುಮ್ನೆ ಟಿವಿ ನೋಡು."

ಇಡೀ ದಿನದಲ್ಲಿ ಅವನು ಆಡಿದ ಮಾತು ಅದೊಂದೇ. ಊಟವೂ ಅರ್ಧ ಬಿಟ್ಟ. ಆಲೂಗಡ್ಡೆ, ಮಾಂಸ, ಮೇಲೆ ಗರಿಗರಿ ಪದರ, ಅವನಿಗೆ ಇಷ್ಟವಾದದ್ದನ್ನೇ ಮಾಡಿದ್ದೆ.

ಮೇ 19

ವರ್ನನ್ ಬೇಲಿಯಾಚೆಯಿಂದ: "ಬಣ್ಣ ಹಸಿರು ಅಂತ ತೀರ್ಮಾನ ಮಾಡಿದೀನಿ ಮಾರ್ಲಿಸ್!"

ನಾನು ಒಳಗೆ ಹೋಗಿ ಇನ್ನೆರಡು ಸುತ್ತು ಮೆಟ್ಟಿಲು ಹತ್ತಿದೆ.

ಜೂನ್ 10, ಮಂಗಳವಾರ

ಇಡೀ ಮೂಟೆ! ಕೆಳಗಿನಿಂದ ಮೇಲೆ, ಮೇಲಿನಿಂದ ಕೆಳಗೆ, ಎಲ್ಲೂ ನಿಲ್ಲದೆ. ಇಳಿಸಿದ ಮೇಲೆ ಮೂಟೆಯ ಮೇಲೇ ಕೂತು ಒಬ್ಬಳೇ ನಕ್ಕೆ.

ಡೋರೀನ್ ಹತ್ತಿರ ಈಗ ಕಂಬಿಯ ಎರಡು ಕಡೆಯೂ ದಪ್ಪ ಬಿಲ್ಲೆಗಳು. ನೆಲದಿಂದ ಎತ್ತುವುದರಲ್ಲಿ ದೋಣಿಯ ತೂಕವನ್ನು ಎಂದೋ ದಾಟಿದ್ದೇನಂತೆ. ಅವಳು ಹೇಳುವವರೆಗೆ ನಾನು ಲೆಕ್ಕ ಹಾಕಿರಲಿಲ್ಲ. ಪಕ್ಕದಲ್ಲಿ ಎತ್ತುತ್ತಿದ್ದ ಮೀಸೆಯವನೊಬ್ಬ ತನ್ನ ಬೆನ್ನು ಬಿಲ್ಲಿನ ಹಾಗೆ ಬಗ್ಗಿಸುತ್ತಿದ್ದ. "ಎದೆ ಮುಂದೆ ಮಾಡಪ್ಪಾ, ಸೊಂಟ ಹಿಡ್ಕೊಳ್ಳುತ್ತೆ" ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯ. ಅವನು ಮಾಡಿದ, ಥ್ಯಾಂಕ್ಸ್ ಎಂದ.

ಜುಲೈ 5, ಶನಿವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆದುಬಿಡುತ್ತೇನೆ, ಎದೆಯಲ್ಲಿಟ್ಟುಕೊಂಡು ಮಲಗಿದರೆ ನಿದ್ದೆ ಬಾರದು.

ಬೆಳಿಗ್ಗೆ "ಇವತ್ತು ಹೊರ್ತೀನಿ" ಎಂದೆ. ಎಲ್ಡನ್ ಅಂಗಳದಲ್ಲಿ ಕುರ್ಚಿ ಹಾಕಿ ಕೂತ. ವರ್ನನ್ ಕರೆಯದೇ ಬಂದ. ನಾನು ದೋಣಿಯ ಪಕ್ಕ ನಿಂತು, ಅಂಚು ಹಿಡಿದು ತೊಡೆಯ ಮೇಲಕ್ಕೆ ಎಳೆದುಕೊಂಡು, ಒಂದೇ ಜಗ್ಗಿಗೆ ತಿರುಗಿಸಿ ತಲೆಯ ಮೇಲೆ ಕವುಚಿಕೊಂಡೆ. ಎಷ್ಟು ಸಲೀಸಾಗಿ ಬಂತೆಂದರೆ ವರ್ನನ್ "ಅಬ್ಬಾ" ಎಂದದ್ದು ಒಳಗೆ ನನಗೆ ಕೇಳಿಸಿತು. ದೋಣಿಯ ನಡುವೆ ಅಡ್ಡಲಾಗಿರುವ ನೊಗದ ಮೆತ್ತೆಗಳು ಹೆಗಲಿಗೆ ಕೂತವು ಎಂದುಕೊಂಡೆ. ಕೂರಲಿಲ್ಲ. ನಾಲ್ಕು ಹೆಜ್ಜೆ ಇಟ್ಟೆನೋ ಇಲ್ಲವೋ, ಭಾರವೆಲ್ಲ ತೋಳಿನ ಮೂಳೆಯ ಮೇಲೆ ಬಂದು ಪ್ರಾಣ ಹೋಗುವಂಥ ನೋವು. ದೋಣಿ ಎಡಕ್ಕೆ ವಾಲಿತು. ಹಿಡಿಯಲಾಗಲಿಲ್ಲ. ಮೂತಿ ಸಿಮೆಂಟಿಗೆ ಬಡಿದ ಸದ್ದು ಇಡೀ ಬೀದಿಗೆ ಕೇಳಿಸಿರಬೇಕು.

"ನೆಲದ ಮೇಲೇ ಮುಳುಗಿದ್ಯಲ್ಲೇ!" ಎಂದ ವರ್ನನ್.

ಎಲ್ಡನ್ ಎದ್ದು ಬಂದು ನಗ್ಗಿದ ಜಾಗವನ್ನು ಸವರಿದ. ಆಮೇಲೆ ನನ್ನ ಕಡೆ ನೋಡಿದ. "ಬಿಡು, ಪರವಾಗಿಲ್ಲ" ಎಂದ. ಆ "ಪರವಾಗಿಲ್ಲ" ನನಗೆ ಸಹಿಸಲಾಗಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಜುಲೈ 7, ಸೋಮವಾರ

ಡೋರೀನ್ ನಂಬುತ್ತಲೇ ಇಲ್ಲ. "ಅದಕ್ಕಿಂತ ಹೆಚ್ಚು ಭಾರ ಹೆಗಲ ಮೇಲಿಟ್ಕೊಂಡು ಬಸ್ಕಿ ಹೊಡೀತೀಯ ನೀನು! ಶಕ್ತಿ ಸಾಲಲ್ಲ ಅನ್ನೋದು ಶುದ್ಧ ಸುಳ್ಳು. ಬೇರೇನೋ ಎಡವಟ್ಟಾಗಿದೆ."

ಎಡವಟ್ಟೇನು ಬಂತು. ಎಲ್ಡನ್ ಅದೇ ದೋಣಿಯನ್ನು, ಅದೇ ನೊಗವನ್ನು ಇಷ್ಟು ವರ್ಷ ಹೊತ್ತಿಲ್ಲವೇ? ಅವನಿಗೆ ಒಂದು ದಿನವೂ ತೋಳು ನೋಯಲಿಲ್ಲ. ತಪ್ಪು ನನ್ನ ಮೈಯದೇ. ಉಪ್ಪಿನ ಮೂಟೆಗೆ ಇನ್ನೊಂದು ಕಾಲು ಮೂಟೆ ಸೇರಿಸಿ ಕಟ್ಟಿದ್ದೇನೆ.

ಜುಲೈ 12

ಮತ್ತೆ ಹೊತ್ತೆ, ಯಾರೂ ಇಲ್ಲದಾಗ. ಗ್ಯಾರೇಜಿನ ಬಾಗಿಲು ದಾಟುವುದಕ್ಕೂ ಆಗಲಿಲ್ಲ. ಈ ಸಲ ಬೀಳಿಸದೆ ಇಳಿಸಿದೆ, ಅಷ್ಟೇ ಸಮಾಧಾನ.

ಜುಲೈ 19, ಶನಿವಾರ

ಶನಿವಾರದ ಸೌನಾ. ಹಿತ್ತಲಿನ ಆ ಮರದ ಗೂಡಿನಲ್ಲಿ, ಕಾದ ಕಲ್ಲಿಗೆ ನೀರು ಚಿಮುಕಿಸಿಕೊಂಡು ಹಬೆಯಲ್ಲಿ ಕೂತಾಗ ನಮ್ಮಿಬ್ಬರಿಗೂ ಎಂದೂ ಜಗಳವಾಗಿಲ್ಲ. ಅಷ್ಟು ಸೆಕೆಯಲ್ಲಿ ಯಾರಿಗೆ ಬೇಕು ಜಗಳ. ಅಲ್ಲಿ ಮೈಮೇಲೆ ಬಟ್ಟೆ ಇಲ್ಲವಲ್ಲ, ನನ್ನ ಎರಡು ತೋಳಿನ ಮೇಲ್ತುದಿಯಲ್ಲಿದ್ದ ನೀಲಿ ಕಲೆಗಳು ಎಲ್ಡನ್‌ನ ಕಣ್ಣಿಗೆ ಬಿದ್ದವು.

"ಇದೇನು?"

"ನಿನ್ನ ದೋಣಿಯ ಮುತ್ತು."

ಅವನು ನಗದೆ ಎಡಗೈ ಚಾಚಿ ಕಲೆಯ ಮೇಲೆ ಬೆರಳಿಟ್ಟ. ಆಮೇಲೆ ಕತ್ತಿನ ಬುಡದಲ್ಲಿ ಹೆಬ್ಬೆರಳಿಟ್ಟು ಗೇಣು ಹಾಕಿದ. ಈ ಕಡೆ ಒಂದು ಸಲ, ಆ ಕಡೆ ಒಂದು ಸಲ.

"ಇಲ್ಲಿ ಒತ್ತಿದ್ರೆ ನೋವಾ?"

"ಇಲ್ಲ. ಅಲ್ಲಿ ಗಟ್ಟಿಯಾಗಿದೆ, ಡೋರೀನ್ ಕೃಪೆ. ಕುದುರೆ ಕೊಳ್ಳೋನ ಥರ ಅದೇನು ನೋಡ್ತಿದೀಯ?"

"ಹೂಂ" ಎಂದ. ಹೊರಗೆ ಬಂದು ಒರೆಸಿಕೊಳ್ಳುವಾಗಲೂ ಇನ್ನೊಮ್ಮೆ ಗೇಣು ಹಾಕಿದ. ಎಷ್ಟು ದಿನವಾಗಿತ್ತು ಅವನು ಹೀಗೆ ಕೈಯಿಟ್ಟು. ನನಗೆ ಹಿತವಾಯಿತು, ಸುಳ್ಳೇಕೆ ಹೇಳಲಿ.

ಜುಲೈ 24, ಗುರುವಾರ

ನನ್ನ ಹೊಲಿಗೆ ಪೆಟ್ಟಿಗೆಯಿಂದ ಅಳತೆ ಪಟ್ಟಿ ಮಾಯವಾಗಿದೆ. ಮನೆಯೆಲ್ಲ ಹುಡುಕಿದೆ.

ಎಲ್ಡನ್ ಟಿವಿ ಮುಂದಿನಿಂದ ಎದ್ದಿದ್ದಾನೆ! ಮೂರು ದಿನದಿಂದ ಗ್ಯಾರೇಜಿನಲ್ಲೇ ಇರುತ್ತಾನೆ. ಒಳಗೆ ಕಾಲಿಡಲು ಬಿಡುವುದಿಲ್ಲ. ಮೊದಲು ಖುಷಿಯಾಯಿತು. ಆಮೇಲೆ ಡ್ರಿಲ್ಲಿನ ಸದ್ದು, ವಾರ್ನಿಷ್ ವಾಸನೆ. ಆಗ ಖುಷಿ ಇಳಿಯಿತು. ದೋಣಿಯನ್ನು ಚೆಂದ ಮಾಡುತ್ತಿದ್ದಾನೆ, ವರ್ನನ್‌ಗೆ ಕೊಡಲು. ಕೊಟ್ಟ ಮಾತಿಗೆ ತಪ್ಪುವವನಲ್ಲ. ನಗ್ಗಿದ ವಸ್ತುವನ್ನು ಹಾಗೇ ಕೊಡುವವನೂ ಅಲ್ಲ.

"ಬಲಗೈಯಲ್ಲಿ ಡ್ರಿಲ್ ಹಿಡೀಬೇಡ" ಎಂದು ಮಾತ್ರ ಹೊರಗಿನಿಂದ ಕೂಗಿದೆ.

"ಎಡಗೈಯಲ್ಲೇ ಹಿಡಿದಿದೀನಿ. ಅದಕ್ಕೇ ತಡ ಆಗ್ತಿರೋದು" ಎಂದ.

ಆಗಸ್ಟ್ 6, ಬುಧವಾರ

ಹೊತ್ತೆ! ಹೊತ್ತೆ, ಹೊತ್ತೆ, ಹೊತ್ತೆ!

ಬೆಳಿಗ್ಗೆ ತಿಂಡಿ ಮುಗಿಸಿ ಎಲ್ಡನ್ ತಾನಾಗಿ ಹೇಳಿದ: "ಇವತ್ತು ಇನ್ನೊಂದು ಸಲ ನೋಡ್ತೀಯಾ?" ನನಗೆ ಮನಸ್ಸಿರಲಿಲ್ಲ. ಮತ್ತೆ ಬಿದ್ದರೆ ವರ್ನನ್‌ಗೆ ಹಬ್ಬ. ಆದರೆ ಅವನಾಗಿ ಕೇಳಿದ್ದಾನೆ, ಇಲ್ಲ ಎನ್ನಲಾಗಲಿಲ್ಲ. ದೋಣಿ ಅಂಗಳದಲ್ಲಿ ಹೊಳೆಯುತ್ತಿತ್ತು. ಮೂತಿಯ ನಗ್ಗನ್ನು ಬಡಿದು ಸರಿಮಾಡಿದ್ದಾನೆ, ನೊಗಕ್ಕೆ ಹೊಸ ವಾರ್ನಿಷ್ ಹಚ್ಚಿದ್ದಾನೆ.

"ಮಂಡಿ ಮೊದ್ಲು ಬಗ್ಗಿಸು. ತೊಡೆ ಮೇಲೆ ತಗೋ. ಉಸಿರು ಕಟ್ಬೇಡ. ಹಾಂ, ಈಗ!"

ತಿರುಗಿಸಿ ಕವುಚಿಕೊಂಡೆ. ಮೆತ್ತೆಗಳು ಬಂದು ಹೆಗಲ ಮಾಂಸದ ಮೇಲೆ ಕೂತವು. ನೋವಿಲ್ಲ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಭಾರ ಇತ್ತು, ಇಲ್ಲವೆನ್ನಲಾರೆ, ಆದರೆ ಅದು ಕಾಲಿನಲ್ಲಿ ಇಳಿದು ನೆಲಕ್ಕೆ ಹೋಗುತ್ತಿತ್ತು. ಟಪ್ಪಾಲು ಡಬ್ಬದ ಹತ್ತಿರ ತಿರುಗುವಾಗ ಹಿಂತುದಿ ವರ್ನನ್‌ನ ಗುಲಾಬಿಗೆ ತಗುಲಿತು. ಬೇಕೆಂದೇ ಮಾಡಿದ್ದಲ್ಲ. ವಾಪಸ್ ಬಂದು ಇಳಿಸಿದಾಗ ಎಲ್ಡನ್ ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಕಣ್ಣು ಒದ್ದೆಯಾಗಿತ್ತು.

ಎಲ್ಲಾ ಆ ಹೆಚ್ಚುವರಿ ಕಾಲು ಮೂಟೆಯ ಮಹಿಮೆ. ಡೋರೀನ್‌ಗೆ ಹೇಳಿದೆ: ನೋಡಿದ್ಯಾ, ಶಕ್ತಿಯೇ ಸಾಲದೆ ಇದ್ದದ್ದು. ಅವಳು ಫೋನಿನಲ್ಲಿ ಕಿರುಚಿದ ರೀತಿಗೆ ನನ್ನ ಕಿವಿ ಇನ್ನೂ ಗುಂಯ್‌ ಅನ್ನುತ್ತಿದೆ.

ಆಗಸ್ಟ್ 21

ಸರೋವರಕ್ಕೆ ಸೆಪ್ಟೆಂಬರ್ ಏಳಕ್ಕೆ ಹೊರಡುವುದು ಎಂದು ಎಲ್ಡನ್‌ಗೆ ತಿಳಿಸಿದೆ. ಸರಿ ಎಂದ. ಮೀನು ಹಿಡಿಯುವ ಹೊಸ ದಾರ ಕೊಂಡು ತಂದಿದ್ದಾನೆ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲು ನನ್ನ ಕೈಗೆ ಕೊಟ್ಟ. ತೆಗೆದುಕೊಟ್ಟೆ. ನೆಲಮಾಳಿಗೆಯ ಬಲ್ಬು ಬದಲಾಯಿಸಿದೆ. ಬೇರೆ ವಿಶೇಷವಿಲ್ಲ.

ವರ್ನನ್ ವಿಷಯ ಇಬ್ಬರೂ ಎತ್ತುತ್ತಿಲ್ಲ. ಇದು ಕೊನೆಯ ಸಲವೇ ಆದರೆ ಕೊನೆಯ ಸಲ. ಹೋಗುತ್ತೇವಲ್ಲ, ಅಷ್ಟು ಸಾಕು ಎಂದುಕೊಳ್ಳುತ್ತೇನೆ. ಸಾಕಾಗುವುದಿಲ್ಲ ಎಂದೂ ಗೊತ್ತು.

ಸೆಪ್ಟೆಂಬರ್ 8, ಸೋಮವಾರ. ಕೆಟಲ್ ಸರೋವರ

ಬಂದು ತಲುಪಿದ್ದೇವೆ. ಎಲ್ಡನ್ ಮೀನು ಹೆಚ್ಚುತ್ತಿದ್ದಾನೆ, ಜೊತೆಗೆ ಹಾಡು. ಅದೇ ಹಾಡು, ಅದೇ ಸಾಲಿನಲ್ಲಿ ತಪ್ಪುತ್ತಾನೆ. ಬೆಳಕಿರುವಾಗಲೇ ಬರೆದು ಮುಗಿಸುತ್ತೇನೆ.

ಮೊದಲನೆಯ ಕಾಡುದಾರಿ ಚಿಕ್ಕದು. ತೊಂದರೆಯಾಗಲಿಲ್ಲ. ಉದ್ದದ್ದು ಎರಡನೆಯದು. ಸಾಮಾನನ್ನು ಎರಡು ಸಣ್ಣ ಚೀಲ ಮಾಡಿದ್ದೆ. ಎಲ್ಡನ್ ಒಂದನ್ನು ಎಡಹೆಗಲಿಗೆ ಹಾಕಿಕೊಂಡು ಮುಂದೆ, ನಾನು ದೋಣಿಯ ಕೆಳಗೆ ಹಿಂದೆ. ಇನ್ನೊಂದು ಚೀಲಕ್ಕೆ ಆಮೇಲೆ ಬಂದರಾಯಿತು. ನಡೆಯಲು ಶುರು ಮಾಡಿ ಸ್ವಲ್ಪ ಹೊತ್ತಾದರೂ ಮುಂದಿನಿಂದ ಸದ್ದೇ ಇಲ್ಲ. ಬೇರು ಅನ್ನಲಿಲ್ಲ, ಎಡವಿದೆ. ಕೆಸರು ಅನ್ನಲಿಲ್ಲ, ಮೊಣಕಾಲವರೆಗೆ ಹೂತುಕೊಂಡೆ. ಆಮೇಲೆ ದೋಣಿಯ ಮೂತಿ ಏನಕ್ಕೋ ಧಡಾರನೆ ಬಡಿದು, ಒಳಗಿದ್ದ ನನ್ನ ತಲೆಯಲ್ಲಿ ಗಂಟೆ ಹೊಡೆಯಿತು.

"ಏಯ್! ಬಗ್ಗು ಅನ್ನೋಕೆ ಬಾಯಿಗೇನಾಗಿದೆ ನಿಂಗೆ?"

"ಮಾರ್ಲಿಸ್, ಇಲ್ಲೊಂದು ಸೀಡರ್ ಮರ ಇದೆ."

"ಗೊತ್ತಾಯ್ತು, ತಲೆಗೆ!"

"ಅಲ್ವೇ, ಎಷ್ಟು ದೊಡ್ಡದಿದೆ ಅಂದ್ರೆ... ದಾರಿಗೆ ಪೂರ್ತಿ ಅಡ್ಡ ವಾಲ್ಕೊಂಡು ನಿಂತಿದೆ. ಬುಡದಲ್ಲಿ ನೀರು ಹರೀತಿದೆ, ಪಾಚಿ ಹೇಗಿದೆ ಗೊತ್ತಾ! ಇದು ಯಾವಾಗಿಂದ ಇದೆ?"

ನನಗೆ ನಗು ತಡೆಯಲಾಗಲಿಲ್ಲ. ದೋಣಿಯ ಒಳಗೆ ನಕ್ಕರೆ ಆ ನಗು ಸುತ್ತಿ ಸುತ್ತಿ ನಮ್ಮ ಕಿವಿಗೇ ಬರುತ್ತದೆ. "ನಿಮ್ಮ ತಾತ ಹುಟ್ಟೋ ಮೊದ್ಲಿಂದ! ವರ್ಷಾ ವರ್ಷಾ ಇಲ್ಲಿ ಬಂದಾಗ ಬಗ್ಗು ಬಗ್ಗು ಅಂತ ಗಂಟಲು ಹರ್ಕೊಂಡಿದೀನಿ, ಯಾತಕ್ಕೆ ಅಂದ್ಕೊಂಡಿದ್ದೆ?"

"ಕೊಂಬೆ ಇರ್ಬೇಕು ಅಂದ್ಕೊಂಡಿದ್ದೆ" ಎಂದ, ಮೆಲ್ಲಗೆ.

ಪಾಪ! ಇಷ್ಟು ವರ್ಷ ಈ ದಾರಿ ನಡೆದ ಮನುಷ್ಯ ಈ ದಾರಿಯನ್ನೇ ನೋಡಿಲ್ಲ. ನನಗಿದು ಒಂದು ದಿನವೂ ಹೊಳೆದಿರಲಿಲ್ಲ. ನಾನು ಸೀಡರ್ ನೋಡಿದೆ, ಬಂಡೆಯ ಮೇಲಿನ ಕಾಡುಹೂವು ನೋಡಿದೆ, ಒಮ್ಮೆ ಕಡವೆಯನ್ನೂ ಅದರ ಮರಿಯನ್ನೂ ನೋಡಿದೆ. ಅವನು ತನ್ನ ಬೂಟು ನೋಡಿಕೊಂಡು ಬಂದ, ನನ್ನ ದನಿಯೊಂದನ್ನೇ ನಂಬಿಕೊಂಡು. ಈಗ ನಾನು ಅದರ ಕೆಳಗಿದ್ದೇನೆ, ಅದು ಎಂಥ ನಂಬಿಕೆ ಎಂದು ಈಗ ಗೊತ್ತಾಗುತ್ತಿದೆ.

ಅರ್ಧ ದಾರಿಯಲ್ಲಿ, ಎರಡು ಬರ್ಚ್ ಮರಗಳ ಕವಲಿಗೆ ದೋಣಿಯ ಮೂತಿ ಆನಿಸಿ ದಣಿವಾರಿಸಿಕೊಳ್ಳುವ ಜಾಗವಿದೆ. ಆನಿಸಿ ಹೆಗಲು ಹೊರಗೆ ತೆಗೆದೆ. ಆಗ ನೊಗ ನನ್ನ ಕಣ್ಣೆದುರಿಗೇ ಬಂತು. ಹೊಸ ವಾರ್ನಿಷ್ ಅಡಿಯಲ್ಲಿ ಎರಡು ತುದಿಯಲ್ಲೂ ದುಂಡನೆಯ ಮಚ್ಚೆಗಳಿದ್ದವು. ಬೆರಳಿಟ್ಟು ನೋಡಿದೆ. ಹಳೆಯ ತಿರುಪುಮೊಳೆಯ ತೂತುಗಳು. ಮರದ ಬಿರಡೆ ಹೊಡೆದು, ಅಂಟು ತುಂಬಿ, ಉಜ್ಜಿ ಮುಚ್ಚಿದ್ದಾನೆ. ಮೆತ್ತೆಗಳು ಅಲ್ಲಿಂದ ಒಳಕ್ಕೆ, ಆ ಕಡೆಯಿಂದ ಮೂರು ಬೆರಳು, ಈ ಕಡೆಯಿಂದ ಮೂರು ಬೆರಳು, ಸರಿದು ಕೂತಿವೆ.

ಅಗಲ ಹೆಗಲಿನವನ ಅಳತೆಗೆ ಕೂರಿಸಿದ ಮೆತ್ತೆ ನನ್ನ ತೋಳಿನ ಮೂಳೆಯ ಮೇಲೆ ಬರದೆ ಇನ್ನೆಲ್ಲಿ ಬಂದೀತು? ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೋಗಲಿಲ್ಲ. ಎಲ್ಡನ್‌ನ ಮೆತ್ತೆ ಎಲ್ಡನ್‌ನ ಜಾಗದಲ್ಲಿರುತ್ತದೆ, ಅದನ್ನು ಸರಿಸಬಹುದು ಎಂದು ನನಗೆ ಅನಿಸಿಯೇ ಇರಲಿಲ್ಲ.

"ತೂತು ಯಾಕೆ ಮುಚ್ಚಿದೆ?" ಎಂದು ಕೇಳಿದೆ.

ಅವನು ಬೂಟಿನಿಂದ ಪಾಚಿ ಕೆರೆಯುತ್ತಿದ್ದ. "ಹಾಗೇ ಬಿಟ್ರೆ ನೀರಿಳಿದು ಮರ ಕೊಳೆಯುತ್ತಲ್ಲ."

"ನೀನು ಮತ್ತೆ ಹೊರೋ ಹಾಗಾದ್ರೆ?"

"ಆಗಲ್ಲ ಕಣೇ."

ಅಷ್ಟು ಹೇಳಲು ಅವನು ಗ್ಯಾರೇಜಿನಲ್ಲಿ ಎಷ್ಟು ದಿನ ಕೂತಿರಬೇಕು. ನನಗೆ ಅಳು ಬಂತು, ಅತ್ತೆ. ಅವನು ಎಡಗೈಯಿಂದ ನನ್ನ ಕತ್ತು ಹಿಡಿದುಕೊಂಡ.

"ಇಷ್ಟು ವರ್ಷ ತಬ್ಕೊಂಡಿದೀನಿ. ನಿನ್ನ ಹೆಗಲು ಇಷ್ಟೇ ಇಷ್ಟು ಅಂತ ಅಳೆದಾಗಲೇ ಗೊತ್ತಾಗಿದ್ದು" ಎಂದ.

"ಹಾಗಾದ್ರೆ ಉಪ್ಪಿನ ಮೂಟೆ ಹೊತ್ತಿದ್ದೆಲ್ಲ ದಂಡ?"

"ದಂಡ ಯಾಕೆ? ಮೆತ್ತೆ ಸರಿಸಿದ್ದು ನಾನು. ದೋಣಿ ಹೊತ್ತು ನಡೆದಿದ್ದು ಮೆತ್ತೆಯಾ?"

ಮೂಗೊರೆಸಿಕೊಂಡು ಮತ್ತೆ ಒಳಗೆ ನುಗ್ಗಿದೆ. ಉಳಿದ ದಾರಿಯುದ್ದಕ್ಕೂ ಅವನು ಕೂಗಿದ. ಬೇರಿಗೂ ಕೂಗಿದ, ಎಲೆಗೂ ಕೂಗಿದ, ಅಣಬೆಗೂ ಕೂಗಿದ. "ಇಲ್ಲೊಂದು ಕಪ್ಪೆ, ಏನೂ ಮಾಡಲ್ಲ, ಸುಮ್ನೆ ಹೇಳ್ದೆ" ಎಂದೂ ಕೂಗಿದ.

ಮೀನು ಸಿದ್ಧವಂತೆ. ಕರೆಯುತ್ತಿದ್ದಾನೆ.

ಸೆಪ್ಟೆಂಬರ್ 10

ತಂಪು. ಕಾಡಿನಲ್ಲಿ ನೀಲಿಹಣ್ಣು ಒಂದು ಬೋಗುಣಿ ಸಿಕ್ಕಿತು, ಈ ಕಾಲಕ್ಕೆ ಅಪರೂಪ. ಎಲ್ಡನ್ ಮಾತಾಡುತ್ತಲೇ ಇದ್ದಾನೆ. ಸ್ವಲ್ಪ ಸುಮ್ಮನಿದ್ದರೂ ಆಗುತ್ತಿತ್ತು.

ಸೆಪ್ಟೆಂಬರ್ 17, ಬುಧವಾರ

ವರ್ನನ್ ಬಂದ. ಪಿಕಪ್ ಗಾಡಿ ತಂದಿದ್ದ, ಹಗ್ಗ ತಂದಿದ್ದ, ಹಸಿರು ಬಣ್ಣದ ಡಬ್ಬವನ್ನೂ ತೋರಿಸಿದ. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೀಲಿಹಣ್ಣು ತುಂಬಿ ಬೇಯಿಸಿದ ಪೈ ಕತ್ತರಿಸುತ್ತಿದ್ದೆ. ತಡೆಯಲಾರದೆ ಹೊರಗೆ ಹೋದೆ.

"ಗಾಡಿವರೆಗೆ ಒಬ್ನೇ ಹೊತ್ಕೊಂಡು ಹೋಗ್ತೀನಿ, ನೋಡು" ಎಂದು ವರ್ನನ್ ದೋಣಿಯನ್ನು ಎತ್ತಿ ತಲೆಯ ಮೇಲೆ ಕವುಚಿಕೊಂಡ. ಎರಡು ಹೆಜ್ಜೆಗೇ ಒಳಗಿನಿಂದ ಕೂಗು: "ಇದೇನೋ ಇದು! ಕತ್ತು ಹಿಸುಕ್ತಿದೆ! ಎಲ್ಡನ್, ನೊಗಕ್ಕೆ ಏನು ಮಾಡಿದ್ದೀಯೋ?"

ಎಲ್ಡನ್ ಕುರ್ಚಿಯಿಂದ ಏಳಲೇ ಇಲ್ಲ. "ನಿಂಗೆ ಕೂರಲ್ಲ ಕಣೋ. ಅಳತೆ ಅವಳದು."

"ಮತ್ತೆ ಏಪ್ರಿಲ್‌ನಲ್ಲಿ ಮಾತು ಕೊಟ್ಟಿದ್ದೆ?"

"ಕೊಟ್ಟಾಗ ದೋಣಿ ನಂದಾಗಿತ್ತು. ಈಗ ಅವಳನ್ನ ಕೇಳು."

ವರ್ನನ್ ದೋಣಿಯ ಸಮೇತ ನನ್ನ ಕಡೆ ತಿರುಗಿದ. ಅವನ ಮುಖ ಕಾಣುತ್ತಿರಲಿಲ್ಲ, ಕಾಲು ಮಾತ್ರ ಕಾಣುತ್ತಿತ್ತು.

"ಇಳಿಸು" ಎಂದೆ. "ಮೆಲ್ಲಗೆ. ಎಡಗಡೆ ಕಲ್ಲಿದೆ, ನನ್ನ ದೋಣಿಗೆ ಏಟಾಗುತ್ತೆ."

ಮೆಲ್ಲಗೇ ಇಳಿಸಿದ. ಪೈ ಎರಡು ತುಂಡು ತಿಂದ, ಮೂರನೆಯದನ್ನು ನಾನೇ ಕೊಟ್ಟೆ. ಹಸಿರು ಬಣ್ಣವನ್ನು ಬೇಲಿಗೆ ಹೊಡೆಯುತ್ತಾನಂತೆ.